ನಾಯಿಗಾಡಿಯ ಮೇಲಿನ ನಮಸ್ಕಾರ

ನಾನು ದೂರು ಚೆನ್ನಾಗಿ ಬರೆಯುತ್ತೇನೆ. ಜಂಬಕ್ಕೆ ಹೇಳುತ್ತಿಲ್ಲ. ಕೆಲವರಿಗೆ ಸಂಗೀತ ಒಲಿದಿರುತ್ತದೆ, ಕೆಲವರಿಗೆ ಕೈರುಚಿ. ನನಗೆ ಒಲಿದದ್ದು ದೂರು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಸಾರಿನ ಮೇಲೆ ನಾನು ಬರೆದ ಅರ್ಜಿಯನ್ನು ವಾರ್ಡನ್ನರು ಮೂರು ಸಲ ಓದಿಸಿ ಕೇಳಿದರಂತೆ. ಸಾರು ಬದಲಾಗಲಿಲ್ಲ. ಆದರೆ ಅಂದಿನಿಂದ ಹಾಸ್ಟೆಲಿನವರೆಲ್ಲ ತಮ್ಮ ತಮ್ಮ ಕಷ್ಟಗಳನ್ನು ಹೊತ್ತುಕೊಂಡು ನನ್ನ ಕೋಣೆಗೆ ಬರತೊಡಗಿದರು. ಮಲೇಷ್ಯಾಕ್ಕೆ ಬಂದು ಪೆಟಾಲಿಂಗ್ ಜಯಾದಲ್ಲಿ ಬೇರೂರಿದ ಮೇಲೂ ಈ ಸಮಾಜಸೇವೆ ನಿಂತಿಲ್ಲ. ಬೀದಿಯ ದೀಪ ಉರಿಯದಿದ್ದರೆ, ಚರಂಡಿ ಕಟ್ಟಿಕೊಂಡರೆ, ಯಾರಾದರೂ ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದರೆ, ನಿವಾಸಿಗಳ ಸಂಘದವರು ನನ್ನ ಮುಖ ನೋಡುತ್ತಾರೆ. ನನ್ನದೊಂದು ಶೈಲಿಯಿದೆ. ಮೊದಲ ಪ್ಯಾರಾದಲ್ಲಿ ಹೊಗಳಿಕೆ, ಎರಡನೆಯದರಲ್ಲಿ ವಿಷಾದ, ಮೂರನೆಯದರಲ್ಲಿ ಮಾತ್ರ ಕತ್ತಿ.

ನನ್ನ ಈ ಸಮಗ್ರ ಸಾಹಿತ್ಯದಲ್ಲಿ ಅತ್ಯುತ್ತಮವಾದದ್ದು ಮುತ್ತುವಿನ ಮೇಲೆ ಬರೆದದ್ದು. ಮುತ್ತು ಎಂದರೆ ಪಕ್ಕದ ಮನೆಯ ಸೆಲ್ವಿ ಅಕ್ಕನ ನಾಯಿ. ಹಿಮದ ನಾಡಿನ ಹಸ್ಕಿ ಜಾತಿಯದು. ನೀಲಿ ಕಣ್ಣು, ಮೈತುಂಬ ಕಂಬಳಿಯಂಥ ತುಪ್ಪಳ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಮೆತ್ತಗಾಗುವ ಊರಿನಲ್ಲಿ ಇಂಥದ್ದೊಂದು ಪ್ರಾಣಿಯನ್ನು ಸಾಕುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೊಂದು ಪ್ರತ್ಯೇಕ ಕೋಣೆ, ಆ ಕೋಣೆಗೊಂದು ಏಸಿ, ಆ ಏಸಿ ಹಗಲೆಲ್ಲ ಹದಿನೆಂಟು ಡಿಗ್ರಿ. ನಮ್ಮ ಮನೆಯಲ್ಲಿ ಏಸಿ ಇಪ್ಪತ್ತಾರಕ್ಕಿಂತ ಕೆಳಗಿಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದವನು ನಾನು. ಗೋಡೆಯ ಆಚೆ ನಾಯಿಯೊಂದು ನನಗಿಂತ ಎಂಟು ಡಿಗ್ರಿ ಸುಖದಲ್ಲಿದೆ ಎಂಬ ಅರಿವು ಮನುಷ್ಯನ ಮನಸ್ಸನ್ನು ಏನು ಮಾಡಬೇಕೋ ಅದನ್ನು ಮಾಡಿತ್ತು.

ಆದರೆ ದೂರಿಗೆ ಕಾರಣ ಏಸಿಯಲ್ಲ, ಕೂಗು. ಸೆಲ್ವಿ ಅಕ್ಕ ನಿವೃತ್ತ ನರ್ಸು, ಒಬ್ಬರೇ ಇರುತ್ತಾರೆ. ಆರು ತಿಂಗಳ ಹಿಂದೆ ಮಂಡಿಯ ಆಪರೇಷನ್ ಆದಮೇಲೆ ಅವರು ಹೊರಗೆ ಕಾಣಿಸುವುದು ಕಡಿಮೆಯಾಯಿತು. ಅವರ ನಾಯಿ ಕೇಳಿಸುವುದು ಜಾಸ್ತಿಯಾಯಿತು. ದಿನಾ ಸಂಜೆ ಆರೂವರೆಗೆ ಸರಿಯಾಗಿ ಮುತ್ತು ಗೇಟಿನ ಹತ್ತಿರ ಬಂದು, ಕತ್ತು ಮೇಲೆತ್ತಿ, ಊ ಎಂದು ರಾಗ ಎಳೆಯುತ್ತಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಹಿರಿಯರು ಧೈರ್ಯ ಹೇಳಿದ್ದಾರೆ, ಸರಿ. ಊಳಿಡುವ ನಾಯಿಯ ಬಗ್ಗೆ ಅವರು ಏನೂ ಹೇಳಿಲ್ಲ. ನನಗೋ ನಾಯಿ ಎಂದರೆ ಮೊದಲಿನಿಂದಲೂ ಭಯ. ಈ ವಿಷಯ ನನ್ನ ಹೆಂಡತಿ ಶುಭಾಗೆ, ಮಗಳು ಇಳಾಗೆ, ಈಗ ನಿಮಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅದೇ ಆರೂವರೆಗೆ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿರುವ ನಮ್ಮ ಆಫೀಸಿನ ಶಾಖೆಯವರ ಜೊತೆ ನನ್ನ ಆನ್‌ಲೈನ್ ಮೀಟಿಂಗು ಬೇರೆ. ನಾನು ಪ್ರಾಜೆಕ್ಟಿನ ಪ್ರಗತಿ ವಿವರಿಸುತ್ತಿದ್ದರೆ ಹಿಂದಿನಿಂದ ಊ ಎಂಬ ಶ್ರುತಿ. ಒಂದು ದಿನ ಅವರಲ್ಲೊಬ್ಬ, ಮಲೇಷ್ಯಾದಲ್ಲಿ ತೋಳಗಳಿವೆಯೇ ಎಂದು ಕೇಳಿದ. ಎಲ್ಲರೂ ನಕ್ಕರು. ಅವತ್ತೇ ಕೂತು ದೂರು ಬರೆದೆ.

‘ಯಾವುದೇ ಕಾರಣವಿಲ್ಲದೆ, ಯಾವ ಪ್ರಚೋದನೆಯೂ ಇಲ್ಲದೆ’ ಎಂಬ ಪದಗಳನ್ನು ಅದರಲ್ಲಿ ಬಳಸಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಬರೆದಾದ ಮೇಲೆ ಅವನ್ನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಬೀದಿಯ ಹನ್ನೊಂದು ಮನೆಯವರು ಸಹಿ ಹಾಕಿದರು. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಸಂಘದ ಸಭೆ. ಅಲ್ಲಿ ದೂರು ಮಂಜೂರಾದರೆ ಸೆಲ್ವಿ ಅಕ್ಕ ಮುತ್ತುವನ್ನು ಕ್ಯಾಮರಾನ್ ಹೈಲ್ಯಾಂಡ್ಸ್ ಎಂಬ ತಂಪು ಗುಡ್ಡಗಾಡಿನ ಕಡೆಯ ತೋಟದವರು ಯಾರಿಗಾದರೂ ಕೊಟ್ಟುಬಿಡಬೇಕು. ಸಂಘದ ನೋಟಿಸು ಕೈಗೆ ಸಿಕ್ಕಿದ ದಿನ ಅವರು ಗೇಟಿನ ಹತ್ತಿರ ಕೋಲೂರಿಕೊಂಡು ನಿಂತಿದ್ದರು. ಅವರದು ತಮಿಳು, ನನ್ನದು ಕನ್ನಡ, ನಡುವೆ ಬೇಕಾದಷ್ಟು ಇಂಗ್ಲಿಷು, ಬಾಲಕ್ಕೊಂದು ಮಲೇಷ್ಯಾದ ‘ಲಾ’.

“ತಂಬಿ, ಲೆಟರ್ ನೀನೇ ಬರೆದದ್ದಲ್ಲವಾ? ತುಂಬ ಚೆನ್ನಾಗಿದೆ ಲಾ,” ಎಂದರು. “ಓದಿ ನನಗೇ ಸಹಿ ಹಾಕಿಬಿಡೋಣ ಅನ್ನಿಸಿತು.”

ಇಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಸುಖವಾಗಿರುತ್ತಿತ್ತು.

ಮನೆಯೊಳಗೆ ಬಂದರೆ ಇನ್ನೊಂದು ಸಮಸ್ಯೆ. ಹಿಂದಿನ ವಾರವಷ್ಟೇ ಸೆಲ್ವಿ ಅಕ್ಕ ಒಂದು ಸ್ಟೀಲ್ ತಟ್ಟೆಯ ತುಂಬ ಮುರುಕು ಕಳಿಸಿದ್ದರು. ಮುರುಕು ಮುಗಿದಿತ್ತು, ಅದರಲ್ಲಿ ಮುಕ್ಕಾಲು ಪಾಲು ನಾನೇ ಮುಗಿಸಿದ್ದೆ. ತಟ್ಟೆ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಉಳಿದಿತ್ತು, ಅಂಚಿನಲ್ಲಿ ಅವರ ಹೆಸರು ಕೊರೆಸಿಕೊಂಡು. ನಮ್ಮಲ್ಲಿ ಪಾತ್ರೆ ಬಂದರೆ ಬರಿದಾಗಿ ವಾಪಸು ಹೋಗುವಂತಿಲ್ಲ. ಏನಾದರೂ ಹಾಕಿ ಕಳಿಸಬೇಕು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ.

“ಏನು ಹಾಕಿ ಕಳಿಸ್ಲಿ ಹೇಳಿ? ನಿಮ್ಮ ಲೆಟರ್ ಕಾಪೀನಾ?” ಎಂದಳು ಶುಭಾ. “ಕೋಡುಬಳೆ ಕರಿದು ಕೊಟ್ಟು, ನಿಮ್ಮ ನಾಯೀನ ಓಡಿಸ್ತೀವಿ, ಇದನ್ನ ತಿನ್ನಿ ಅಂತ ಹೇಳ್ಲಾ? ನನ್ನ ಕೈಲಾಗಲ್ಲ ರೀ. ಆ ಲೆಟರ್ ವಾಪಸ್ ತಗೊಳೋ ತನಕ ಈ ತಟ್ಟೆ ಇಲ್ಲೇ ಇರತ್ತೆ.”

ತಟ್ಟೆ ಅಲ್ಲೇ ಇತ್ತು. ನಾನು ಕಾಫಿಗೆ ಹೋದಾಗಲೆಲ್ಲ ಸೆಲ್ವಿ ಅಕ್ಕನ ಹೆಸರು ಓದಿಕೊಂಡು ಬರುತ್ತಿದ್ದೆ.

ಅಷ್ಟರಲ್ಲಿ ಆಫೀಸಿನವರು ಒಂದು ವಾರದ ಕೆಲಸಕ್ಕೆ ನನ್ನನ್ನು ಹೆಲ್ಸಿಂಕಿಗೆ ಕರೆಸಿದರು. ಚೀನೀ ಹೊಸವರ್ಷದ ರಜೆ; ಇಳಾಗೆ ಶಾಲೆಯಿಲ್ಲ. ಮೂವರೂ ಹೊರಟೆವು. ತೋಳದ ವಿಚಾರ ಕೇಳಿದ್ದ ಆ ಸಹೋದ್ಯೋಗಿಯೇ, ನಿನಗೆ ಹಸ್ಕಿಗಳು ಇಷ್ಟವೆಂದು ಕಾಣುತ್ತದೆ, ಉತ್ತರಕ್ಕೆ ಹೋಗಿ ಒಂದು ದಿನ ನಾಯಿಗಾಡಿಯಲ್ಲಿ ಓಡಾಡಿಕೊಂಡು ಬಾ ಎಂದು ತಾನೇ ಮುಂದಾಗಿ ಬುಕ್ ಮಾಡಿಸಿಕೊಟ್ಟ. ಹೀಗೆ, ಒಂದು ನಾಯಿಯ ಮೇಲೆ ದೂರು ಕೊಟ್ಟು ಬಂದವನು ಅರವತ್ತು ನಾಯಿಗಳ ಮನೆಗೆ ಅತಿಥಿಯಾಗಿ ಹೋದೆ. ಇದಕ್ಕೆ ಕರ್ಮಫಲ ಎನ್ನದೆ ಬೇರೇನು ಹೇಳುವುದೋ ತಿಳಿಯದು.

ಉತ್ತರಕ್ಕೆ ಬಂದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ಬಂದು ನಮ್ಮನ್ನು ಕಾಡಿನಂಚಿನ ಒಂದು ಮನೆಗೆ ಇಳಿಸಿತು. ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಮುತ್ತುವಿನ ಏಸಿ ಇನ್ನೂ ಎಷ್ಟು ಕೆಳಗಿಳಿಯಬಹುದಿತ್ತು ಎಂದು ಆಗ ಗೊತ್ತಾಯಿತು. ಅವರು ಕೊಟ್ಟ ದಪ್ಪ ಅಂಗಿಯೊಳಗೆ ಎರಡು ಸ್ವೆಟರು, ಅವುಗಳೊಳಗೆ ನಾನು, ತಲೆಗೆ ಮೂರು ಟೋಪಿ. ಶುಭಾ ಅದರ ಮೇಲೊಂದು ಶಾಲೂ ಸುತ್ತಿಕೊಂಡಿದ್ದಳು. ಮುಖವೆಂದರೆ ಕನ್ನಡಕ ಮಾತ್ರ. ಇಳಾ ನಮ್ಮಿಬ್ಬರ ಫೋಟೋ ತೆಗೆದು, “ಅಪ್ಪಾ, ಯು ಲುಕ್ ಲೈಕ್ ಎ ಮ್ಯಾಟ್ರೆಸ್,” ಎಂದಳು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹದಿನೈದು ವರ್ಷದಿಂದ ಹೀಗೇ ನಡೆದಿದೆ.

ನಮ್ಮ ಮಾರ್ಗದರ್ಶಕಿಯ ಹೆಸರು ಐನೊ. ಅರವತ್ತರ ಹೆಂಗಸು, ಬಿರುಸು ನಡಿಗೆ, ಅಳೆದು ತೂಗಿ ಮಾತು. ಅವರು ನಾಯಿಗಳನ್ನು ತೋರಿಸಿದಾಗ ನನಗೆ ಆದದ್ದು ಭಯವಲ್ಲ, ನಿರಾಸೆ. ನೀಲಿ ಕಣ್ಣಿಲ್ಲ, ತುಪ್ಪಳದ ವೈಭವವಿಲ್ಲ. ಸಣಕಲು ಮೈ, ಉದ್ದ ಕಾಲು, ಒಂದರ ಕಿವಿ ನೆಟ್ಟಗೆ, ಇನ್ನೊಂದರದು ಜೋತು. ಮೈಸೂರಿನ ಅಗ್ರಹಾರದ ಸರ್ಕಲ್ಲಿನಲ್ಲಿ ಬೇಕರಿಯ ಮುಂದೆ ಮಲಗಿರುವ ನಾಯಿಗಳು ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದ ಹಾಗಿತ್ತು. ನಿಜವಾಗಿ ಗಾಡಿ ಎಳೆಯುವ ನಾಯಿಗಳು ಹೀಗೇ ಇರುತ್ತವಂತೆ. ಚಂದದವು ಕ್ಯಾಲೆಂಡರಿಗೆ, ಇವು ಕೆಲಸಕ್ಕೆ ಎಂದರು ಐನೊ.

ಕೆಲಸ ಎಂಬ ಮಾತು ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. ‘ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ’ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ. ಭೈರವನಿಗೆ ನಾಯಿಯನ್ನು ವಾಹನವಾಗಿ ಕೊಟ್ಟವರು ನಾವು. ಮೈಲಾರಲಿಂಗನ ಜಾತ್ರೆಯಲ್ಲಿ ದೇವರ ನಾಯಿಗಳಾಗಿ ಬೊಗಳುವ ಗೊರವರು ನಮ್ಮಲ್ಲೇ ಇದ್ದಾರೆ. ಆದರೂ ಮನೆಯ ನಾಯಿಗೆ ಮಾತ್ರ ಬಾಲ ಡೊಂಕು ಎಂಬ ಒಂದೇ ಸರ್ಟಿಫಿಕೇಟು. ಇಲ್ಲಿ ನೋಡಿದರೆ ನಾಯಿಗಳಿಗೆ ಹಾಜರಿ ಪಟ್ಟಿ ಇದೆ, ಜೊತೆಗಾರರಿದ್ದಾರೆ, ವಾರದ ರಜೆ ಇದೆ. ಆರು ನಾಯಿಗಳ ತಂಡದ ಮುಂದೆ ನಿಲ್ಲುವುದು ಒಂದು ಸಣ್ಣ ಹೆಣ್ಣುನಾಯಿ. ಬಲದಲ್ಲಿ ಅದೇ ಎಲ್ಲಕ್ಕಿಂತ ಕಡಿಮೆಯಂತೆ, ಬುದ್ಧಿಯಲ್ಲಿ ಜಾಸ್ತಿಯಂತೆ. ಬಲವಿದ್ದವು ಹಿಂದೆ, ಗಾಡಿಯ ಹತ್ತಿರ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಿನಲ್ಲಿರುವ ನನಗೆ ಇಷ್ಟು ಸರಿಯಾಗಿ ಜೋಡಿಸಿದ ತಂಡ ಎಲ್ಲೂ ಸಿಕ್ಕಿಲ್ಲ.

ಐನೊ ನಾಯಿಗಳಿಗೆ ಕಟ್ಟುವ ಪಟ್ಟಿಗಳನ್ನು ಕೈಗೆತ್ತಿಕೊಂಡರೋ ಇಲ್ಲವೋ, ಅಂಗಳದ ಅರವತ್ತು ನಾಯಿಗಳೂ ಒಟ್ಟಿಗೆ ಕತ್ತು ಮೇಲೆತ್ತಿ ಶುರುಮಾಡಿದವು. ಊ! ಒಂದೇ ಮುತ್ತುವಿಗೆ ಹನ್ನೊಂದು ಸಹಿ ಸಂಗ್ರಹಿಸಿದ್ದ ನಾನು ಕಿವಿ ಮುಚ್ಚಿಕೊಳ್ಳಲು ಹೋದೆ. ಮೂರು ಟೋಪಿಯ ಮೇಲೆ ಏನು ಮುಚ್ಚಿಕೊಳ್ಳುವುದು!

“ಏನಾಯಿತು ಅವಕ್ಕೆ? ನೋವೇನಾದರೂ ಇದೆಯೆ?” ಎಂದು ಶುಭಾ ಐನೊ ಅವರನ್ನು ಕೇಳಿದಳು.

“ನೋವಲ್ಲ. ನನ್ನನ್ನು ಕರೆದುಕೊಂಡು ಹೋಗು, ನನ್ನನ್ನು ಕರೆದುಕೊಂಡು ಹೋಗು ಅನ್ನುತ್ತಿವೆ,” ಎಂದರು ಅವರು. “ಹೊರಟ ಮೇಲೆ ನೋಡಿ, ಒಂದಾದರೂ ಬಾಯಿ ಬಿಟ್ಟರೆ ಕೇಳಿ.”

ಶುಭಾ ನನ್ನ ಕಡೆ ತಿರುಗಿದಳು. ಕನ್ನಡಕ ಮಾತ್ರ ಕಾಣುತ್ತಿತ್ತಾದರೂ ಒಳಗಿನ ನೋಟ ಎಂಥದ್ದೆಂದು ನನಗೆ ಗೊತ್ತಾಯಿತು. ನಾನು ಒಂದು ಮರವನ್ನು ನೋಡುತ್ತ ನಿಂತೆ.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಚಕ್ರವಿಲ್ಲ. ಒಬ್ಬರು ಮುಂದೆ ಕಂಬಳಿ ಹೊದ್ದು ಕೂರುವುದು, ಇನ್ನೊಬ್ಬರು ಹಿಂದೆ ಹಿಮದ ಮೇಲೆ ಜಾರುವ ಎರಡು ಉದ್ದ ಪಟ್ಟಿಗಳ ಮೇಲೆ ಕಾಲಿಟ್ಟು, ಅಡ್ಡ ಹಿಡಿಕೆ ಹಿಡಿದು ನಿಲ್ಲುವುದು. ಕಾಲುಗಳ ನಡುವೆ ಹಲ್ಲಿರುವ ಕಬ್ಬಿಣದ ತುಂಡು, ಅದೇ ಬ್ರೇಕು. ಗೇರಿಲ್ಲ, ಹಾರನ್ನಿಲ್ಲ, ಲಗಾಮೂ ಇಲ್ಲ. ಈ ನಾಯಿಗಳಿಗೆ ಓಡಿ ಎಂದು ಹೇಳಬೇಕಿಲ್ಲ, ನಿಲ್ಲಿಸುವುದಷ್ಟೇ ನಿಮ್ಮ ಕೆಲಸ ಎಂದರು ಐನೊ. ಆಮೇಲೆ ಬೆರಳೆಣಿಸಿ ನಿಯಮ ಹೇಳಿದರು: ಕೈ ಬಿಡಬೇಡಿ. ಏನೇ ಆದರೂ ಕೈ ಬಿಡಬೇಡಿ. ಬಿದ್ದರೂ ಕೈ ಬಿಡಬೇಡಿ. ನೀವು ಕೈಬಿಟ್ಟರೆ ನಾಯಿಗಳು ನಿಮಗಾಗಿ ಕಾಯುವುದಿಲ್ಲ, ಮುಂದಿನ ಗಾಡಿಯ ಹಿಂದೆ ಓಡುತ್ತವೆ. ನಾನು ಇಪ್ಪತ್ತು ವರ್ಷದ ಅನುಭವಸ್ಥನ ಹಾಗೆ ತಲೆಯಾಡಿಸಿದೆ.

ಶುಭಾ ಕೂತಳು, ನಾನು ನಿಂತೆ. ಇಳಾ ಐನೊ ಅವರ ಗಾಡಿಯಲ್ಲಿ ಮುಂದೆ. ಗಾಡಿಯನ್ನು ಹಿಮಕ್ಕೆ ಕಚ್ಚಿ ಹಿಡಿದಿದ್ದ ಕೊಕ್ಕೆಯನ್ನು ಐನೊ ಕಿತ್ತರು, ಅಷ್ಟೆ. ಕುಲುಕಿಗೆ ನನ್ನ ಹಲ್ಲು ಒಂದಕ್ಕೊಂದು ಬಡಿಯಿತು, ಮತ್ತು ಜಗತ್ತಿನ ಸದ್ದೆಲ್ಲ ನಿಂತುಹೋಯಿತು. ಅವರು ಹೇಳಿದ್ದು ನಿಜ. ಒಂದು ನಾಯಿಯೂ ಬಾಯಿ ಬಿಡಲಿಲ್ಲ. ಇಪ್ಪತ್ತನಾಲ್ಕು ಪಾದಗಳ ಮೆತ್ತನೆ ಸದ್ದು, ಪಟ್ಟಿಗಳ ಕೆಳಗೆ ಹಿಮದ ಸರ್ರೆಂಬ ಸದ್ದು, ಬೇರೇನಿಲ್ಲ.

ಮಲೇಷ್ಯಾದ ಕಾಡು ಮಾತುಗಾರ ಕಾಡು. ಜೀರುಂಡೆ, ಕಪ್ಪೆ, ಮಂಗ, ಎಲೆಯಿಂದ ಎಲೆಗೆ ಇಳಿಯುವ ನೀರು, ಎಲ್ಲಕ್ಕೂ ಏನಾದರೊಂದು ಹೇಳುವುದಿರುತ್ತದೆ. ಈ ಕಾಡಿಗೆ ಹೇಳುವುದೇನೂ ಇರಲಿಲ್ಲ. ಮರಗಳು ತಲೆಯ ಮೇಲೆ ಹಿಮ ಹೊತ್ತು ಬಾಗಿದ್ದವು. ಸೂರ್ಯ ಹುಟ್ಟಿ ಎರಡು ಗಂಟೆಯಾದರೂ ಮರದ ನೆತ್ತಿಗಿಂತ ಮೇಲೆ ಬರುವ ಉತ್ಸಾಹ ತೋರಿಸಿರಲಿಲ್ಲ. ಬೆಳಕು ಅಡ್ಡಲಾಗಿ ಬಂದು ಹಿಮವೆಲ್ಲ ತಿಳಿಗುಲಾಬಿಯಾಗಿತ್ತು. ಕಾಡು ಮುಗಿದು ಹೆಪ್ಪುಗಟ್ಟಿದ ಕೆರೆ ಬಂತು. ಕಣ್ಣು ಹರಿಯುವವರೆಗೂ ಬಿಳಿ, ಅದರ ನಡುವೆ ಯಾವುದೋ ಪ್ರಾಣಿ ಒಂಟಿಯಾಗಿ ದಾಟಿಹೋದ ಹೆಜ್ಜೆಗಳ ಒಂದು ಸಾಲು. ನನಗೆ ಸಂತೋಷವಾಗಿತ್ತು. ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾಯಿಗಳ ಮುಖ ಆ ಕಡೆ, ಬಾಲ ಈ ಕಡೆ ಇದ್ದರೆ ಅವುಗಳ ಬಗ್ಗೆ ಬಹಳ ಉದಾರವಾಗಿ ಯೋಚಿಸಬಹುದು ಎಂದು ಅಂದು ಕಂಡುಕೊಂಡೆ. ಓಡುತ್ತಲೇ ಅವು ತಮ್ಮ ಪ್ರಾತರ್ವಿಧಿಗಳನ್ನೂ ಮುಗಿಸುತ್ತವೆ ಎಂಬುದನ್ನು ಮಾತ್ರ ಬುಕಿಂಗ್ ಮಾಡುವಾಗ ಯಾರೂ ತಿಳಿಸಿರಲಿಲ್ಲ. ಮುಂದೆ ಕೂತಿದ್ದವಳು ಶುಭಾ.

ಕೆರೆಯಾಚೆ ಬೆಂಕಿ ಹಾಕಿ ಊಟ. ಐನೊ ಬಿಸಿ ಹಣ್ಣಿನ ರಸ ಕೊಟ್ಟರು. ನಮ್ಮದು ಚಪಾತಿ, ಚಟ್ನಿಪುಡಿ. ಎಲ್ಲಿ ಹೋದರೂ ತಿಂಡಿ ಕಟ್ಟಿಕೊಂಡು ಹೋಗುವ ನಮ್ಮ ಮನೆತನದ ಚಪಾತಿ ಆ ಚಳಿಗೆ ಹಂಚಿನಂತೆ ಸೆಟೆದು ನಿಂತಿತ್ತು. ಕಡ್ಡಿಗೆ ಸಿಕ್ಕಿಸಿ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಂಡೆವು. ಐನೊ ಚಟ್ನಿಪುಡಿ ನೆಕ್ಕಿ ತಮ್ಮ ಹಣ್ಣಿನ ರಸವನ್ನು ಒಂದೇ ಗುಟುಕಿಗೆ ಮುಗಿಸಿದರು. ಆಮೇಲೆ ಇನ್ನೊಂದು ಸ್ವಲ್ಪ ಕೇಳಿ ಹಾಕಿಸಿಕೊಂಡರು.

ಅನಾಹುತವಾದದ್ದು ವಾಪಸು ಬರುವಾಗ. ಇನ್ನೇನು ಐನೊ ಅವರ ಮನೆ ಒಂದೆರಡು ಮೈಲಿ ಇದೆ ಎನ್ನುವಾಗ ದಾರಿಯ ಪಕ್ಕದಲ್ಲಿ ಒಬ್ಬ ಅಜ್ಜ ಕಾಲಿಗೆ ಹಿಮದ ಮೇಲೆ ಜಾರುವ ಹಲಗೆ ಕಟ್ಟಿಕೊಂಡು ಬರುತ್ತಿದ್ದರು. ಎಂಬತ್ತು ದಾಟಿರಬೇಕು. ನಮಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಗಾಡಿ ಹತ್ತಿರ ಬಂದಾಗ ನನ್ನ ಕಡೆ ನೋಡಿ, ತಲೆಯ ಟೋಪಿ ತೆಗೆದು, ಸ್ವಲ್ಪ ಬಾಗಿದರು.

ನೀವೇ ಹೇಳಿ. ಎಂಬತ್ತು ವರ್ಷದ ಹಿರಿಯರು ಆ ಚಳಿಯಲ್ಲಿ ಬರಿತಲೆಯಲ್ಲಿ ನಿಂತು ನಿಮಗೆ ಗೌರವ ತೋರಿಸಿದರೆ ನೀವೇನು ಮಾಡುತ್ತೀರಿ? ನಮ್ಮ ಅಮ್ಮ ನನಗೆ ನಡಿಗೆ ಕಲಿಸುವ ಮೊದಲೇ ನಮಸ್ಕಾರ ಕಲಿಸಿದವಳು. ನೆಂಟರು ಬಂದಾಗ ಒಂದು ಕೈಯಲ್ಲಿ ಸಲಾಮು ಹೊಡೆದ ಹಾಗೆ ಮಾಡಿದರೆ ಬೆನ್ನಿಗೊಂದು ಬೀಳುತ್ತಿತ್ತು. ಎರಡೂ ಕೈ ಸೇರಬೇಕು, ತಲೆ ಬಾಗಬೇಕು. ಎರಡೂ ಕೈ ಸೇರಿದವು, ತಲೆ ಬಾಗಿತು. ದಪ್ಪ ಕೈಗವಸುಗಳೆರಡೂ ಎದೆಯ ಮುಂದೆ ಬಂದು ಜೋಡಿಯಾಗುವಷ್ಟರಲ್ಲಿ ಗಾಡಿ ನನ್ನ ಕಾಲಡಿಯಿಂದ ಹೊರಟುಹೋಗಿತ್ತು. ಬಾಗಿದ ತಲೆ ಬಾಗುತ್ತಲೇ ಹೋಗಿ, ಕೊನೆಗೆ ಆ ಅಜ್ಜನಿಗೆ ನಾನು ಮಾಡಿದ್ದು ಸಾಷ್ಟಾಂಗ.

“ನಿಲ್ಲಿ! ನಿಲ್ಲಿ!” ಎಂದು ಕೂಗಿದೆ. ಬಹುವಚನದಲ್ಲಿ, ಮರ್ಯಾದೆ ಕೊಟ್ಟೇ ಕೂಗಿದೆ. ನಾಯಿಗಳು ಫಿನ್‌ಲೆಂಡಿನವು. ನನ್ನ ಹೆಂಡತಿಯನ್ನು ಕೂರಿಸಿಕೊಂಡು ಅವು ತಿರುವಿನಲ್ಲಿ ಮರೆಯಾದವು. ಅಜ್ಜ ನನ್ನನ್ನು ಎಬ್ಬಿಸಿ, ಹಿಮ ಕೊಡವಿ, ಅವರ ಭಾಷೆಯಲ್ಲಿ ಏನೋ ಹೇಳಿ, ದಾರಿಯ ಕಡೆ ಕೈ ತೋರಿಸಿ ತಮ್ಮ ಪಾಡಿಗೆ ತಾವು ಹೋದರು.

ನಾನು ನಡೆಯತೊಡಗಿದೆ. ಒಂದೊಂದು ಹೆಜ್ಜೆಗೂ ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಸುತ್ತ ಆ ಮಾತಿಲ್ಲದ ಕಾಡು. ಬೆಳಿಗ್ಗೆ ಅಷ್ಟು ಚಂದವಿದ್ದ ಮೌನ ಒಬ್ಬನೇ ಇರುವಾಗ ಬೇರೆಯೇ ಆಗಿತ್ತು. ಶುಭಾಗೆ ಏನಾದರೂ ಆಗಿದ್ದರೆ ಎಂದು ಹೆದರಿಕೆಯಾಯಿತು. ಆಮೇಲೆ ನಾಚಿಕೆಯಿಲ್ಲದೆ ನನಗೇ ಏನಾದರೂ ಆದರೆ ಎಂದೂ ಹೆದರಿಕೆಯಾಯಿತು.

ಆಗ ಕೇಳಿಸಿತು. ದೂರದಲ್ಲಿ, ಮರಗಳಾಚೆ, ಒಂದು ನಾಯಿ ಊ ಎಂದಿತು. ಇನ್ನೊಂದು ಸೇರಿಕೊಂಡಿತು. ಆಮೇಲೆ ಎಲ್ಲವೂ. ಓಡುವಾಗ ಬಾಯಿ ಬಿಡದ ನಾಯಿಗಳು ಎಲ್ಲೋ ನಿಂತಿವೆ, ನಿಂತು ಕೂಗುತ್ತಿವೆ ಎಂದು ಗೊತ್ತಾಯಿತು. ಆ ಕೂಗು ನನಗೆ ಪರಿಚಯದ್ದೇ. ಗೇಟಿನ ಹತ್ತಿರ ಕತ್ತೆತ್ತಿ, ಸಂಜೆ ಆರೂವರೆಗೆ. ಮಂಡಿ ಕೆಡುವ ಮೊದಲು ಸೆಲ್ವಿ ಅಕ್ಕ ಮುತ್ತುವನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದದ್ದು ಎಷ್ಟು ಗಂಟೆಗೆ? ಆರೂವರೆಗೆ. ವರ್ಷಗಟ್ಟಲೆ ನನ್ನ ಕಿಟಕಿಯ ಮುಂದೆಯೇ ಹೋಗಿದ್ದಾರೆ, ನಾನೇ ನೋಡಿದ್ದೇನೆ. ನೋಡಿಯೂ ‘ಯಾವುದೇ ಕಾರಣವಿಲ್ಲದೆ’ ಎಂದು ಬರೆದಿದ್ದೇನೆ, ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೇನೆ. ಆ ಚಳಿಯಲ್ಲೂ ನನ್ನ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು. ಕೂಗು ಕೇಳಿದ ದಿಕ್ಕಿಗೆ ಎದ್ದುಬಿದ್ದು ಓಡಿದೆ.

ತಿರುವು ದಾಟಿ ಸ್ವಲ್ಪ ದೂರದಲ್ಲಿ ಎರಡೂ ಗಾಡಿ ನಿಂತಿದ್ದವು. ಐನೊ ನನ್ನನ್ನು ನೋಡಿ ತಮ್ಮ ಎರಡೂ ಕೈ ಎತ್ತಿ ತೋರಿಸಿ, ಮುಷ್ಟಿ ಬಿಗಿದರು. ನಾನು ಹಿಡಿಕೆ ಹಿಡಿದು ಪಟ್ಟಿಯ ಮೇಲೆ ಕಾಲಿಟ್ಟೆ. ಗಾಡಿ ಹೊರಟಿತು, ನಾಯಿಗಳು ಬಾಯಿ ಮುಚ್ಚಿದವು. ಶುಭಾ ಕಂಬಳಿಯೊಳಗಿಂದ, “ಬಂದ್ರಾ? ಸರಿ ಹಾಗಾದ್ರೆ, ಮಾತು ಮುಗೀತು,” ಎಂದಳು.

ಯಾವ ಮಾತು ಎಂದು ಆ ಸಂಜೆ ಹೋಟೆಲಿನಲ್ಲಿ ತಿಳಿಯಿತು.

“ನೀವು ಒಪ್ಕೊಂಡ್ರಲ್ಲ, ಇನ್ನೇನು?” ಎಂದಳು. “ಊರಿಗೆ ಹೋದ ತಕ್ಷಣ ಲೆಟರ್ ವಾಪಸ್ ತಗೊಳ್ಳಿ, ಸಭೇಲಿ ಎದ್ದು ನಿಂತು ತಪ್ಪಾಯ್ತು ಅಂತ ಹೇಳಿ, ಮುತ್ತೂನ ವಾಕಿಂಗ್ ಕರ್ಕೊಂಡು ಹೋಗೋ ಕೆಲಸಾನೂ ನೀವೇ ಮಾಡಿ ಅಂದೆ. ಒಂದೊಂದಕ್ಕೂ ‘ಏನಂತೀರಿ’ ಅಂತ ಕೇಳ್ದೆ. ನೀವು ತುಟಿ ಪಿಟಕ್ಕೆನ್ನಲಿಲ್ಲ.”

“ನಾನು ಗಾಡಿ ಮೇಲೆ ಇರಲೇ ಇಲ್ಲವಲ್ಲೇ!”

“ನನಗೇನು ಗೊತ್ತು? ಮೂರು ಟೋಪಿ, ಮೇಲೆ ಶಾಲು, ಹಿಂದೆ ತಿರುಗೋಕೂ ಆಗ್ತಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ನೀವೇ ಹೇಳ್ತಿರ್ತೀರಿ. ಮದುವೆ ಆದಮೇಲೆ ಮೊದಲನೇ ಸಲ ನನ್ನ ಮಾತಿಗೆ ಅಡ್ಡ ಬಾಯಿ ಹಾಕಲಿಲ್ಲ ಅಂತ ನಾನು ಎಷ್ಟು ಖುಷಿಪಟ್ಟೆ ಗೊತ್ತಾ?”

ಆ ಹೊತ್ತಿಗೆ ನಾನೇ ಮನಸ್ಸಿನಲ್ಲಿ ದೂರನ್ನು ಹರಿದು ಹಾಕಿದ್ದೆ. ಆದರೆ ಅದನ್ನು ಈಗ ಹೇಳಿದರೆ ಯಾರು ನಂಬುತ್ತಾರೆ? ಸುಮ್ಮನಿದ್ದೆ. ಅದೂ ಸಮ್ಮತಿಯ ಲೆಕ್ಕಕ್ಕೇ ಸೇರಿತು.

ಪೆಟಾಲಿಂಗ್ ಜಯಾಕ್ಕೆ ವಾಪಸು ಬಂದ ಮೇಲೆ ಭಾನುವಾರದ ಸಭೆಯಲ್ಲಿ ಎದ್ದು ನಿಂತು, ನನ್ನ ದೂರಿನಲ್ಲಿ ಒಂದು ಮುಖ್ಯವಾದ ಸಂಗತಿ ಬಿಟ್ಟುಹೋಗಿದೆ, ನಾಯಿಗೆ ಕಾರಣವಿದೆ, ನನಗೆ ಗೊತ್ತಿರಲಿಲ್ಲ ಎಂದೆ. ಮೊದಲ ಪ್ಯಾರಾದಲ್ಲಿ ಹೊಗಳಿಕೆಯನ್ನೂ ಇಡದೆ ನೇರವಾಗಿ ಮಾತಾಡಿದ್ದು ಅದೇ ಮೊದಲು, ಬಹಳ ಸಪ್ಪೆಯಾಗಿತ್ತು. ಹಾಗಾದರೆ ಅದನ್ನು ದಿನಾ ಓಡಾಡಿಸುವವರು ಯಾರು ಎಂದು ಯಾರೋ ಕೇಳಿದರು. ಹನ್ನೊಂದು ಮನೆಯವರೂ ನನ್ನ ಮುಖ ನೋಡಿದರು. ಹಿಂದಿನ ಸಾಲಿನಲ್ಲಿ ಶುಭಾ ಕೆಮ್ಮಿದಳು. ಹೀಗೆ ಮುತ್ತು ಉಳಿದ. ಅವತ್ತು ಸಂಜೆ ಸ್ಟೀಲ್ ತಟ್ಟೆ ಕೋಡುಬಳೆ ತುಂಬಿಕೊಂಡು ಪಕ್ಕದ ಮನೆಗೆ ಹೋಯಿತು. ಸೆಲ್ವಿ ಅಕ್ಕ ಒಂದು ಮುರಿದು ಬಾಯಿಗೆ ಹಾಕಿಕೊಂಡು, “ಪರವಾಗಿಲ್ಲ, ತಂಬಿಯ ಲೆಟರ್‌ಗಿಂತ ಗರಿಗರಿ,” ಎಂದರಂತೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು ಎಂದು ಶುಭಾ ಹೇಳಿದಳು.

ಒಂದು ತಿಂಗಳಾದ ಮೇಲೆ ಇಳಾ ತನ್ನ ಫೋನಿನ ವಿಡಿಯೋಗಳನ್ನು ಟಿವಿಗೆ ಹಾಕಿದಳು. ಮುಂದಿನ ಗಾಡಿಯಿಂದ ಹಿಂದಕ್ಕೆ ತಿರುಗಿ ತೆಗೆದದ್ದು. ನಾನು ಕೈ ಜೋಡಿಸುವುದು, ಬಾಗುವುದು, ಅದೃಶ್ಯನಾಗುವುದು ಎಲ್ಲ ಸ್ಪಷ್ಟವಾಗಿತ್ತು. ಐನೊ ಅವರಿಗೆ ಹೇಳುವ ಮೊದಲು ಮಗಳು ಶೂಟಿಂಗ್ ಮುಗಿಸಿದ್ದೂ ಸ್ಪಷ್ಟವಾಯಿತು. ಗಾಡಿ ಹಗುರವಾದದ್ದು ತಿಳಿದ ಶುಭಾ ಆರಾಮವಾಗಿ ಪೂರ್ತಿ ಹಿಂದಕ್ಕೆ ತಿರುಗುತ್ತಾಳೆ. ಹಿಮದಲ್ಲಿ ಬಿದ್ದ ನನ್ನನ್ನು ನೋಡುತ್ತಾಳೆ. ನಾನು ಎದ್ದು ಕೂತದ್ದು ಕಂಡಮೇಲೆ ನಗುತ್ತಾಳೆ. ಆಮೇಲೆ ಮುಂದಕ್ಕೆ ತಿರುಗಿ, ಕಂಬಳಿ ಸರಿಮಾಡಿಕೊಂಡು, ಯಾರೂ ಇಲ್ಲದ ಆ ಗಾಡಿಯಲ್ಲಿ ಬಹಳ ಗಂಭೀರವಾಗಿ ಮಾತಾಡತೊಡಗುತ್ತಾಳೆ. “ಅಮ್ಮಾ, ಯು ನ್ಯೂ!” ಎಂದಳು ಇಳಾ. ಶುಭಾ ಕಾಫಿಗೆ ನೀರಿಡಲು ಎದ್ದುಹೋದಳು. ಅಷ್ಟರಲ್ಲಿ ಆರೂಕಾಲಾಗಿತ್ತು, ನನಗೆ ಷೂ ಹಾಕಿಕೊಳ್ಳುವುದಿತ್ತು.

ಹೆಲ್ಸಿಂಕಿಯವರ ಮೀಟಿಂಗು ಈಗ ಏಳೂವರೆಗೆ. ಮುತ್ತು ಎಳೆದ ಕಡೆ ನಾನು ಹೋಗುತ್ತೇನೆ. ಪಾರ್ಕಿನಲ್ಲಿ ನಮ್ಮ ಕನ್ನಡದ ಹಿರಿಯರು ಎದುರಾದರೆ ಕೈ ಜೋಡಿಸುವುದಿಲ್ಲ, ತಲೆ ಮಾತ್ರ ಆಡಿಸುತ್ತೇನೆ. ನನಗೆ ಜಂಬ ಬಂದಿದೆ ಎಂದು ಸುದ್ದಿಯಿದೆ. ಇರಲಿ.

ಮೊನ್ನೆ ಮಳೆ ಹಿಡಿದು ಆಫೀಸಿನಿಂದ ಬರುವುದು ತಡವಾಯಿತು. ಗೇಟಿನ ಹತ್ತಿರ ಮುತ್ತು ಆಗಲೇ ಶುರುಮಾಡಿದ್ದ. ನಾನು ಅವಸರದಲ್ಲಿ ಷೂ ಕಟ್ಟಿಕೊಳ್ಳುತ್ತಿರುವಾಗ ಮೂಲೆ ಮನೆಗೆ ಹೊಸದಾಗಿ ಬಂದ ಪಾಟೀಲರು ಬಂದರು. ಧಾರವಾಡದ ಕಡೆಯವರು, ನನ್ನದೇ ವಯಸ್ಸು.

“ನಮಸ್ಕಾರ್ರೀ ಸರ. ಆ ನಾಯಿ ಆಗಿಂದ ಭಾಳ ಒದರಾಕತ್ತೈತ್ರಿ. ನೀವು ಕಂಪ್ಲೇಂಟ್ ಭಾಳ ಛಲೋ ಬರೀತೀರಂತ ಎಲ್ಲಾರೂ ಹೇಳಿದ್ರು. ಒಂದು ಬರದು ಕೊಡ್ರೆಲ್ಲಾ.”

“ಕೊಡೋಣ. ಮೊದಲು ನಾಯೀನ ನೋಡೋಣ ಬನ್ನಿ,” ಎಂದು ಅವರನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದೆ. ಮುತ್ತುವಿನ ಕೊರಳಿಗೆ ಹಗ್ಗ ಸಿಕ್ಕಿಸಿ, ಗೇಟು ಹಾಕುವಷ್ಟು ಹೊತ್ತು ಹಿಡಿದುಕೊಳ್ಳಿ ಎಂದು ಪಾಟೀಲರ ಕೈಗೆ ಕೊಟ್ಟೆ. ಅಷ್ಟರಲ್ಲಿ ಬಾಗಿಲಿಗೆ ಸೆಲ್ವಿ ಅಕ್ಕ ಬಂದು, ಹೊಸಬರನ್ನು ಕಂಡು ಕೈ ಮುಗಿದರು. ಪಾಟೀಲರು ಒಳ್ಳೆಯ ಮನೆತನದವರು. ಅವರ ಎರಡೂ ಕೈ ಎದೆಯ ಕಡೆ ಏಳುವುದನ್ನು ನಾನು ಕಂಡೆ.

“ಕೈ ಬಿಡಬೇಡಿ!” ಎಂದು ಕೂಗಿದೆ.

ಕೂಗುವಷ್ಟರಲ್ಲಿ ಕೈ ಜೋಡಿಸಿ ಆಗಿತ್ತು. ಮುತ್ತು ಬೀದಿಯ ಕೊನೆಯಲ್ಲಿದ್ದ. ಹಿಂದೆ ನಾವಿಬ್ಬರು ಓಡಿದೆವು. ಪಾರ್ಕಿನ ಗೇಟಿನ ಹತ್ತಿರ ಮುತ್ತು ನಿಂತು, ಹಿಂತಿರುಗಿ ನೋಡಿ, ಕತ್ತೆತ್ತಿ ಮತ್ತೆ ರಾಗ ಎಳೆದ.

“ಈಗ್ಯಾಕ್ರೀ ಒದರಾಕತ್ತೈತಿ ಅದು?” ಎಂದರು ಪಾಟೀಲರು, ಏದುಸಿರು ಬಿಡುತ್ತ.

“ನಮ್ಮನ್ನೇ ಕರೀತಿದಾನೆ,” ಎಂದೆ. “ಬೇಗ ಬನ್ನಿ.”